ಜೊಯಿಡಾದಿಂದ ಮುಂಡಗೋಡಕ್ಕೆ ಒಂದು ಗೆರೆ

ಸಿಟ್ಟು ಬಂದಾಗ ಅವರು ದನಿ ಏರಿಸುತ್ತಿರಲಿಲ್ಲ. ಬರೆಯುತ್ತಿದ್ದ ಪೆನ್ನಿಗೆ ಟೋಪಿ ಹಾಕಿ ಒತ್ತುತ್ತಿದ್ದರು. 'ಟಕ್' ಎನ್ನುವ ಆ ಸಣ್ಣ ಸದ್ದಿಗೆ ನಮ್ಮ ಪ್ರಿನ್ಸಿಪಾಲರು ಕೂಡ ಮಾತಿನ ನಡುವೆ ನಿಂತುಬಿಡುತ್ತಿದ್ದರು. ದಾಂಡೇಲಿಯ ನಮ್ಮ ಕಾಲೇಜಿನಲ್ಲಿ ಅವರು ಭೂಗೋಳ ಕಲಿಸುತ್ತಿದ್ದರು. ನಾನು ಅಲ್ಲೇ ಕಂಪ್ಯೂಟರ್ ವಿಷಯಕ್ಕೆ ಅತಿಥಿ ಉಪನ್ಯಾಸಕ, ಹಳಿಯಾಳದಿಂದ ದಿನಾ ಬಸ್ಸಿನಲ್ಲಿ ಹೋಗಿಬರುವವನು. ಹನ್ನೊಂದು ವರ್ಷದಿಂದ ಅತಿಥಿಯಾಗಿಯೇ ಇದ್ದೇನೆ, ಆ ಮಾತು ಬೇರೆ.

ಅವರು ನಿವೃತ್ತರಾಗಿ ಒಂದೂವರೆ ವರ್ಷವಾಯಿತು. ಕಾಲೇಜಿನ ಸಂಚಿಕೆಗೆ ಅವರ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಪ್ರಿನ್ಸಿಪಾಲರು ಆಗಲೇ ಕೇಳಿದ್ದರು. 'ನೆಚ್ಚಿನ ಗುರು', 'ಸರಳ ವ್ಯಕ್ತಿತ್ವ' ಎಂದೆಲ್ಲ ಬರೆದು ಕೊಟ್ಟೆ. ಅಚ್ಚಾಯಿತು. ಅದರಲ್ಲಿ ಅವರು ಎಲ್ಲಿಯೂ ಇರಲಿಲ್ಲ. ಈಗ ಇದನ್ನು ಯಾರೂ ಕೇಳದೆಯೇ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ, ಅದು ಅವರಿಗೆ ಸೇರುವುದಿಲ್ಲ. ನಾವೆಲ್ಲ ಕರೆಯುತ್ತಿದ್ದ ಹಾಗೆ ಮೇಡಂ ಎಂದರೆ ಸಾಕು.

ಮುಂಡಗೋಡದ ಬಟ್ಟೆ ಅಂಗಡಿಯವರ ಮಗಳು. ದಾಂಡೇಲಿಯ ಅಂಬೇವಾಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಬೆಳಿಗ್ಗೆ ಲಿಂಗಪೂಜೆ ಆಗದೆ ಬಾಯಿಗೆ ಚಹಾ ಬೀಳುತ್ತಿರಲಿಲ್ಲ. ಪೂಜೆ ಮುಗಿಸಿ ಹೊರಬಿದ್ದರೆ ಸಂಜೆಯವರೆಗೆ ಯಾರ ಮುಲಾಜೂ ಇಲ್ಲ. ಬೋರ್ಡು ಒರೆಸಲು ಡಸ್ಟರ್ ಹಿಡಿದವರಲ್ಲ. ಅಂಗೈಯಿಂದ ಒರೆಸಿ, ಅದೇ ಕೈಯನ್ನು ಸೀರೆಗೆ ಒರೆಸಿಕೊಂಡು, ಇಡೀ ದಿನ ಸೊಂಟದ ಹತ್ತಿರ ಬಿಳಿ ಬೆರಳುಗಳ ಗುರುತು ಹೊತ್ತು ತಿರುಗುತ್ತಿದ್ದರು.

ಪ್ರತಿ ವರ್ಷ ಬಿ.ಎ. ಮೊದಲ ತರಗತಿಯ ಮಕ್ಕಳಿಗೆ ಅವರ ಮೊದಲ ಪ್ರಶ್ನೆ ಒಂದೇ: "ನಿಮ್ಮೂರಿಗೆ ಕಡೀ ಬಸ್ ಎಷ್ಟಕ್ಕ?" ಥಟ್ಟನೆ ಉತ್ತರ ಹೇಳಿದವರನ್ನು ಮುಂದಿನ ಬೆಂಚಿಗೆ ಕರೆಯುತ್ತಿದ್ದರು. ತಡವರಿಸಿದವರಿಗೆ, "ನೀ ಪ್ಯಾಟ್ಯಾಗ ಇರ್ತೀ. ಹಿಂದ ಕೂಡು, ನಡೀತೈತಿ" ಎನ್ನುತ್ತಿದ್ದರು. ಆಮೇಲೆ ಬೋರ್ಡಿನ ಮೇಲೆ ನಾಲ್ಕು ಚುಕ್ಕಿ ಇಟ್ಟು ಪಾಠ ಸುರು. "ಊರು ಅಂದ್ರ ಬರೇ ಚುಕ್ಕಿ ಅಲ್ಲ. ಆ ಚುಕ್ಕಿಗೆ ಎಷ್ಟು ಗೆರಿ ಬರ್ತಾವ, ಎಲ್ಲಿಂದ ಬರ್ತಾವ, ಅದು ಊರು."

ಅವರ ಆ ಗೆರೆಗಳ ಹುಚ್ಚು ನನ್ನ ಲ್ಯಾಬಿನ ಬಾಗಿಲಿಗೆ ಬಂದದ್ದು ಒಬ್ಬ ಹುಡುಗಿಯ ದೆಸೆಯಿಂದ. ಜೊಯಿಡಾಕ್ಕಿಂತಲೂ ಒಳಗಿರುವ ಸಿದ್ದಿ ಸಮುದಾಯದ ಕೇರಿಯೊಂದರಿಂದ ಬರುತ್ತಿದ್ದವಳು, ಅವರ ತರಗತಿಯ ಮುಂದಿನ ಬೆಂಚಿನವಳು. ಡಿಗ್ರಿ ಮುಗಿಯುತ್ತ ಬಂದಾಗ ಅವಳಿಗೆ ಮುಂಡಗೋಡದಲ್ಲಿ ನರ್ಸಿಂಗ್ ತರಬೇತಿಯ ಸಂದರ್ಶನಕ್ಕೆ ಕರೆ ಬಂತು. ಹನ್ನೊಂದು ಗಂಟೆಗೆ ಹಾಜರಿರಬೇಕು. ಹುಡುಗಿ ಮೊದಲ ಬಸ್ಸು ಹಿಡಿದು ದಾಂಡೇಲಿಗೆ ಬಂದಳು, ಅಲ್ಲಿಂದ ಹಳಿಯಾಳಕ್ಕೆ. ಹಳಿಯಾಳದ ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ಕಲಘಟಗಿ ಕಡೆಯ ಬಸ್ಸು ಗೇಟು ದಾಟುತ್ತಿತ್ತು. ಓಡಿದಳು, ಸಿಗಲಿಲ್ಲ. ಎರಡು ತಾಸು ಕಾದು ಮುಂದಿನದು ಹಿಡಿದು, ಕಲಘಟಗಿಯಲ್ಲಿ ಮತ್ತೆ ಬದಲಿಸಿ, ಮುಂಡಗೋಡ ಮುಟ್ಟಿದಾಗ ಮೂರೂವರೆ. ಅವತ್ತು ಅಲ್ಲೇ ಹತ್ತಿರದ ಹಳ್ಳಿಯಲ್ಲಿದ್ದ ಅಕ್ಕನ ಮನೆಯಲ್ಲಿ ಉಳಿದು ಮಾರನೆಯ ದಿನ ವಾಪಸು ಬಂದಳು.

ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಅವಳು ಹೇಳಿದ್ದು ಇಷ್ಟೇ: "ಲಿಸ್ಟ್ ಮುಗದೈತಂತ್ರಿ ಮೇಡಂ." ಅಳಲಿಲ್ಲ. ಬಸ್ಸು ತಪ್ಪುವುದು ಅವಳಿಗೆ ಮಳೆ ಬಂದಷ್ಟೇ ಸಹಜವಾದ ಸಂಗತಿಯಾಗಿತ್ತು.

ಮೇಡಂ ಪೆನ್ನಿಗೆ ಟೋಪಿ ಹಾಕಿದರು. ಸೀದಾ ನನ್ನ ಲ್ಯಾಬಿಗೆ ಬಂದರು.

"ಊರಿಂದ ಊರಿಗೆ ಏನೇನು ನಂಟು ಐತಿ ಅಂತ ನೆಟ್‌ವರ್ಕ್ ಅನಾಲಿಸಿಸ್ ಮಾಡ್ತಾರಲ್ರಿ, ಅದು ನಿಮ್ಮ ಕಂಪ್ಯೂಟರಿನ್ಯಾಗ ಬರ್ತೈತೇನು?"

"ಬರ್ತೈತ್ರಿ. ಆದ್ರ ಅದು ದೊಡ್ಡ ದೊಡ್ಡ ಶಹರಕ್ಕ ಮಾಡ್ತಾರ. ಯಾವ ಊರಿಂದ ಯಾವ ಊರಿಗೆ ಎಷ್ಟು ವಿಮಾನ, ಎಷ್ಟು ಫೋನ್ ಅಂತ."

"ನಮ್ಮವು ಊರಲ್ಲೇನು? ಒಂದ ಜಿಲ್ಲಾದಾಗ ಒಂದು ಮೂಲಿಯಿಂದ ಇನ್ನೊಂದು ಮೂಲಿಗೆ ಹೋಗಾಕ ಒಂದು ದಿನ ಬೇಕು. ಕೇಳಿದ್ರ, ರಸ್ತೆ ಐತಲ್ಲ ಅಂತಾರ. ಸುರು ಮಾಡ್ರಿ."

ಆಗ ಅವರಿಗೆ ಐವತ್ತೈದು ದಾಟಿತ್ತು. ಕಾಲೇಜು ಬಿಟ್ಟ ಮೇಲೆ ದಿನಾ ಒಂದು ತಾಸು ನನ್ನ ಪಕ್ಕದಲ್ಲಿ ಕುಳಿತು ಕಲಿತರು. ಮೌಸನ್ನು ಚಪಾತಿ ಲಟ್ಟಿಸುವಂತೆ ಒತ್ತಿ ಹಿಡಿಯುತ್ತಿದ್ದರು. ತಪ್ಪಾದರೆ ಕಂಪ್ಯೂಟರಿಗೇ ಬೈಯುತ್ತಿದ್ದರು. ಆದರೆ ಮೂಲ ವಿಚಾರ ಅವರಿಗೆ ನನಗಿಂತ ಬೇಗ ತಿಳಿಯಿತು. ಒಂದು ಊರಿನ ಮಹತ್ವ ಅದು ಎಷ್ಟು ದೊಡ್ಡದು ಎನ್ನುವುದರಲ್ಲಿಲ್ಲ. ಅದನ್ನು ಕಿತ್ತರೆ ಇನ್ನೆಷ್ಟು ಊರುಗಳು ಒಂದಕ್ಕೊಂದು ತಪ್ಪಿಹೋಗುತ್ತವೆ ಎನ್ನುವುದರಲ್ಲಿದೆ. ನಾನು ಇದನ್ನು ಲೆಕ್ಕದ ಸೂತ್ರವಾಗಿ ವಿವರಿಸುತ್ತಿದ್ದಾಗ ಅವರು ಎದ್ದು ಬೋರ್ಡಿನ ಮೇಲಿದ್ದ ಹಳಿಯಾಳದ ಚುಕ್ಕಿಯನ್ನು ಅಂಗೈಯಿಂದ ಒರೆಸಿದರು. ಒಂದು ಕಡೆ ಜೊಯಿಡಾ, ದಾಂಡೇಲಿ. ಇನ್ನೊಂದು ಕಡೆ ಮುಂಡಗೋಡ. ನಡುವೆ ಸುಣ್ಣದ ಕಲೆ.

"ನಿಮ್ಮೂರು ಅಳಿಸಿದೆ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದರು.

ಆಮೇಲಿನ ಒಂದು ವರ್ಷ ನನ್ನ ಭಾನುವಾರಗಳು ಅವರ ಪಾಲಾದವು. ಒಂದು ವಾರ ದಾಂಡೇಲಿ ಸ್ಟ್ಯಾಂಡು, ಒಂದು ವಾರ ಹಳಿಯಾಳ, ಆಮೇಲೆ ಜೊಯಿಡಾ, ಮುಂಡಗೋಡ. ಕೈಯಲ್ಲಿ ರಟ್ಟಿನ ಕಾರ್ಡುಗಳು. ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ, ಎಲ್ಲೆಲ್ಲಿ ಬಸ್ಸು ಬದಲಿಸಿದಿರಿ, ಎಷ್ಟು ಹೊತ್ತು ಕಾದಿರಿ. ಜೊತೆಗೆ ಅವರೇ ಸೇರಿಸಿದ ಎರಡು ಪ್ರಶ್ನೆ: ಮಗಳನ್ನು ಎಲ್ಲಿಗೆ ಕೊಟ್ಟಿದ್ದೀರಿ, ಸೊಸೆ ಎಲ್ಲಿಯವಳು. ಹಳಿಯಾಳದಲ್ಲಿ ಒಬ್ಬ ಹಿರಿಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕನ್ಯಾ ಹುಡಕಾಕ ಬಂದೀರೇನ್ರಿ? ನಮ್ಮ ಮನ್ಯಾಗ ಯಾರೂ ಉಳದಿಲ್ರಿ" ಎಂದರು. ನನಗೆ ಆಗಲೇ ಇಬ್ಬರು ಮಕ್ಕಳು. ಮೇಡಂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಿದ ನೆನಪಿಲ್ಲ.

ವಾರದ ದಿನಗಳಲ್ಲಿ ಬೆಳಿಗ್ಗೆ ದಾಂಡೇಲಿಗೆ ಬರುವ ಬಸ್ಸುಗಳಿಂದ ಎಷ್ಟು ಜನ ಇಳಿಯುತ್ತಾರೆ ಎಂದು ಎಣಿಸುವುದು ನನ್ನ ಕೆಲಸವಾಗಿತ್ತು. ಹೇಗೂ ಆ ಹೊತ್ತಿಗೆ ನಾನೂ ಅಲ್ಲೇ ಇಳಿಯುತ್ತಿದ್ದೆ. ಒಂದು ಪಟ್ಟಿ ಇಟ್ಟುಕೊಂಡು ಬರೆಯುತ್ತಿದ್ದೆ.

ವರ್ಷದ ಕೊನೆಗೆ ಎರಡು ನಕ್ಷೆ ಸಿದ್ಧವಾದವು. ಒಂದು ಬಸ್ಸುಗಳದ್ದು, ಒಂದು ಜನರ ನಂಟಿನದ್ದು. ಓಡಾಟ ಹೆಚ್ಚಿದಷ್ಟು ಗೆರೆ ದಪ್ಪ. ಬಸ್ಸಿನ ನಕ್ಷೆಯಲ್ಲಿ ದಪ್ಪ ಗೆರೆಗಳೆಲ್ಲ ಹೊರಗೆ ಹೋಗುತ್ತಿದ್ದವು: ಹುಬ್ಬಳ್ಳಿಗೆ, ಧಾರವಾಡಕ್ಕೆ, ಬೆಳಗಾವಿಗೆ. ನಾಲ್ಕೂ ಊರುಗಳು ಒಂದಕ್ಕೊಂದು ಬೆನ್ನು ಹಾಕಿಕೊಂಡು ಕುಳಿತಿದ್ದವು. ಜನರ ನಕ್ಷೆಯಲ್ಲಿ ಗೆರೆಗಳು ಒಳಗೇ ಹೆಣೆದುಕೊಂಡಿದ್ದವು. ಜೊಯಿಡಾದ ಸಿದ್ದಿ ಮನೆಗಳಿಂದ ಮುಂಡಗೋಡದ ಹಳ್ಳಿಗಳಿಗೆ, ಅಲ್ಲಿಂದ ಹಳಿಯಾಳಕ್ಕೆ, ಹಳಿಯಾಳದ ಒಕ್ಕಲಿನ ಮನೆಗಳಿಂದ ಮತ್ತೆ ಮುಂಡಗೋಡಕ್ಕೆ. ಮದುವೆ, ಹೆರಿಗೆ, ಸಾವು, ದನದ ವ್ಯಾಪಾರ. ಒಂದರ ಮೇಲೊಂದು ಇಟ್ಟು ನೋಡಿದರೆ ಎರಡು ಬೇರೆ ಬೇರೆ ಸೀಮೆಯ ನಕ್ಷೆಗಳು ಅನ್ನಿಸುತ್ತಿತ್ತು.

ಆದರೆ ಮೇಡಂ ಕೇಳಿದ್ದು ದೊಡ್ಡದೇನಲ್ಲ. ಇಷ್ಟೆಲ್ಲ ಮಾಡಿ ಅವರು ಕೊನೆಯ ಪುಟದಲ್ಲಿ ಬರೆದ ಬೇಡಿಕೆ ಒಂದೇ. ಹೊಸ ಬಸ್ಸು ಬೇಡ, ಹೊಸ ಡ್ರೈವರು ಬೇಡ. ಹಳಿಯಾಳದಿಂದ ಕಲಘಟಗಿ ಕಡೆ ಹೋಗುವ ಬೆಳಗಿನ ಬಸ್ಸನ್ನು ಹದಿನೈದು ನಿಮಿಷ ತಡೆದು ಬಿಡಿ. ಜೊಯಿಡಾದಿಂದ ಬಂದವರಿಗೆ ಅದು ಸಿಗುತ್ತದೆ.

ಆ ಹದಿನೈದು ನಿಮಿಷಕ್ಕಾಗಿ ನಾವು ಅಲೆದದ್ದನ್ನು ಬರೆದರೆ ನನಗೇ ಸಿಟ್ಟು ಬರುತ್ತದೆ. ಒಂದು ಕಚೇರಿಯಲ್ಲಿ, ಆ ಬಸ್ಸು ನಮ್ಮದಲ್ಲ, ಪಕ್ಕದ ಡಿಪೋದ್ದು ಎಂದರು. ಪಕ್ಕದ ಡಿಪೋದವರು ಅದು ವಿಭಾಗದ ವಿಷಯ ಎಂದರು. ವಿಭಾಗದಲ್ಲಿ ಸಾಹೇಬರು ರಜೆ. ಮುಂದಿನ ಸಲ ಹೋದಾಗ ಬೇರೆ ಸಾಹೇಬರು. ಅವರಿಗೆ ಮೊದಲಿನಿಂದ ಹೇಳಬೇಕು. "ಆ ಕಡೆ ಹೋಗುವ ಪ್ರಯಾಣಿಕರೇ ಇಲ್ಲವಲ್ಲ ಮೇಡಂ" ಎಂದರು ಅವರು.

"ಬಸ್ ಸಿಗದಿದ್ರ ಪ್ರಯಾಣಿಕರು ಎಲ್ಲಿಂದ ಬರ್ತಾರ್ರಿ? ಬಾಗಲಾ ಹಾಕಿ, ಒಳಗ ಯಾರೂ ಬರೂದಿಲ್ಲ ಅಂದ್ರ ಹೆಂಗ?"

"ನೀವು ಬಹಳ ಚೆನ್ನಾಗಿ ಮಾಡಿದ್ದೀರಿ ಮೇಡಂ. ಪೂರ್ತಿ ಅಂಕಿಅಂಶ ಕಳಿಸಿಕೊಡಿ. ಖಂಡಿತ ಪರಿಶೀಲಿಸೋಣ."

ಹೊರಗೆ ಬಂದು ಮೇಡಂ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅವರ ಮುಖದಲ್ಲಿ ಆಸೆ ಕಂಡದ್ದು ಅವತ್ತು. "ಮೊದಲ್ನೇ ಮನಷ್ಯಾ ನೋಡ್ರಿ, ಪೂರ್ತಿ ಕೇಳಿದವ," ಎಂದರು. ಒಂದು ವಾರ ಕುಳಿತು ಎಲ್ಲವನ್ನೂ ಅಚ್ಚುಕಟ್ಟಾಗಿ ಕಳಿಸಿದೆವು. ಎಲ್ಲಿ ಬಸ್ಸು ಸಾಲದು ಎನ್ನುವುದು ಕಣ್ಣಿಗೆ ಬೀಳಲಿ, ತೆಳುವಾದ ಗೆರೆಗಳಿಗೆ ಕೆಂಪು ಹಾಕಿ ಎಂದು ಮೇಡಂ ಹೇಳಿದರು. ನಾನು ಹಾಕಿದೆ. ಎಲ್ಲಕ್ಕಿಂತ ತೆಳ್ಳಗೆ, ಎಲ್ಲಕ್ಕಿಂತ ಕೆಂಪಗೆ ಇದ್ದದ್ದು ಜೊಯಿಡಾದ ಒಳಗಿನ ಹಳ್ಳಿಗಳಿಂದ ದಾಂಡೇಲಿಗೆ ಬರುವ ಬೆಳಗಿನ ಬಸ್ಸಿನ ಗೆರೆ.

ಎರಡು ತಿಂಗಳ ನಂತರ ಅವರ ತರಗತಿಯ ಹಾಜರಿಯಲ್ಲಿ ಆರು ಹೆಸರು ಒಟ್ಟಿಗೆ ಖಾಲಿ ಬಿದ್ದವು. ಆರೂ ಜೊಯಿಡಾ ಕಡೆಯವು. ಒಂದು ವಾರ ನೋಡಿದರು, ಬರಲಿಲ್ಲ. ಸ್ಟ್ಯಾಂಡಿಗೆ ಹೋಗಿ ವಿಚಾರಿಸಿದರೆ ಕಂಟ್ರೋಲರ್ ಆದೇಶದ ಕಾಗದ ತೋರಿಸಿದ. ಆ ಬೆಳಗಿನ ಬಸ್ಸು ರದ್ದಾಗಿತ್ತು. ಪ್ರಯಾಣಿಕರ ಸಂಖ್ಯೆ ತೀರ ಕಡಿಮೆ ಇರುವುದು ಕಾಲೇಜೊಂದರ ಸಮೀಕ್ಷೆಯಿಂದ ಕಂಡುಬಂದ ಕಾರಣ, ಎಂದು ಬರೆದಿತ್ತು.

ಮೇಡಂ ಅದನ್ನು ಎರಡು ಸಲ ಓದಿದರು. ಲ್ಯಾಬಿಗೆ ಬಂದು ಬಾಗಿಲಲ್ಲೇ ನಿಂತರು. ಪೆನ್ನು ಕೈಯಲ್ಲಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವರು ದನಿ ಏರಿಸಿದ್ದು ಆಗ, ನನ್ನ ಮೇಲೆ.

"ಕೆಂಪು ಹಾಕ್ರಿ ಅಂತ ಯಾರ ಹೇಳಿದ್ರು ನಿಮಗ?"

ಅವರೇ ಹೇಳಿದ್ದು. ಲ್ಯಾಬಿನಲ್ಲಿ ಕುಳಿತಿದ್ದ ಮಕ್ಕಳು ತಲೆ ತಗ್ಗಿಸಿದರು. ಮಾರನೆಯ ದಿನ ಮಧ್ಯಾಹ್ನ ನನ್ನ ಮೇಜಿನ ಮೇಲೆ ಒಂದು ಡಬ್ಬಿ ಇತ್ತು: ಎರಡು ಜೋಳದ ರೊಟ್ಟಿ, ಬದನೆಯ ಎಣಗಾಯಿ, ಒಂದು ಮೂಲೆಯಲ್ಲಿ ಶೇಂಗಾ ಚಟ್ನಿ. ಅವರು ಕ್ಷಮೆ ಕೇಳುವ ರೀತಿ ಅದು. ನಾನು ತಿಂದೆ. ಆ ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಅವರಿಗೆ ಮುಗಿದಿರಲಿಲ್ಲ. "ಹೋಗೂಣು ನಡೀರಿ. ನಮ್ಮ ಕಾಗದದಿಂದ ಅವರ ಬಸ್ ಹೋಗೈತಿ. ನಾವ ಹೋಗಿ ಹೇಳಬೇಕು," ಎಂದರು. ಒಂದು ಶನಿವಾರ ಜೀಪು ಮಾಡಿಕೊಂಡು ಆ ಹುಡುಗಿಯ ಕೇರಿಗೆ ಹೋದೆವು. ಹುಡುಗಿ ಮನೆಯಲ್ಲಿರಲಿಲ್ಲ, ಗಣೇಶಗುಡಿಯ ಹತ್ತಿರ ಪ್ರವಾಸಿಗರ ರೆಸಾರ್ಟಿನಲ್ಲಿ ಚಾದರ ಒಗೆಯುವ ಕೆಲಸಕ್ಕೆ ಸೇರಿದ್ದಳು. ಅವಳ ತಾಯಿ ಗದ್ದೆಯಿಂದ ಬಂದು ಕೈಕಾಲು ತೊಳೆದು ನಮಗೆ ಬೆಲ್ಲ, ನೀರು ಕೊಟ್ಟರು. ಮನೆಯಲ್ಲಿ ಕೊಂಕಣಿ ಆಡುವವರು, ನಮಗಾಗಿ ನಿಧಾನವಾಗಿ ಕನ್ನಡ ಹುಡುಕಿಕೊಂಡು ಮಾತಾಡುತ್ತಿದ್ದರು.

ಮೇಡಂ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದರು. ನಾವು ಎಣಿಸಿದ್ದು, ಕಳಿಸಿದ್ದು, ಅವರು ಅದನ್ನೇ ತೋರಿಸಿ ಬಸ್ಸು ನಿಲ್ಲಿಸಿದ್ದು.

ಆ ತಾಯಿಗೆ ಸಿಟ್ಟು ಬರಲಿಲ್ಲ. ಮೇಡಂರನ್ನು ಗೌರವದಿಂದ 'ಬಾಯಿ' ಎಂದು ಕರೆದು, ಅರ್ಥವಾಗದೆ ಕೇಳಿದರು: "ಕಡಿಮಿ ಜನ ಅಂದ್ರ ಹೆಂಗ ಬಾಯಿ? ಬಸ್ ಬಂದ ದಿನ ನಿಲ್ಲಾಕ ಜಾಗಾ ಇರ್ತಿರಲಿಲ್ಲ."

"ನಮ್ಮ ಪಟ್ಟ್ಯಾಗ ಹಂಗ ಬಂದಿಲ್ಲವ್ವ. ಎಷ್ಟೋ ದಿನ ಒಬ್ಬರೂ ಇಳದಿಲ್ಲ."

"ಬಸ್ ದಿನಾ ಎಲ್ಲಿ ಬರ್ತಿತ್ತು? ವಾರಕ್ಕ ಮೂರು ದಿನ, ನಾಕ ದಿನ. ಬರದ ದಿನ ಮಕ್ಕಳು ಕಾದು ಕಾದು ಮನೀಗೆ ವಾಪಸ್. ಬರದ ಬಸ್ಸಿನ್ಯಾಗ ಜನ ಹೆಂಗ ಇಳೀತಾರ ಬಾಯಿ?"

ಮೇಡಂ ನನ್ನ ಕಡೆ ತಿರುಗಿದರು. ದಾಂಡೇಲಿ ಸ್ಟ್ಯಾಂಡಿನಲ್ಲಿ ಆ ಬಸ್ಸು ಕಾಣದ ದಿನ ನಾನು ಪಟ್ಟಿಯಲ್ಲಿ ಸೊನ್ನೆ ಬರೆಯುತ್ತಿದ್ದೆ. ಜನ ಇಳಿಯಲಿಲ್ಲ, ಆದ್ದರಿಂದ ಸೊನ್ನೆ. ಬಸ್ಸೇ ಬರಲಿಲ್ಲ ಎಂದು ಬರೆಯಲು ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಪಟ್ಟಿ ತಯಾರಿಸಿದ್ದು ನಾನು, ಒಪ್ಪಿದ್ದು ಅವರು. ಕಂಪ್ಯೂಟರು ಎಲ್ಲ ಸೊನ್ನೆಗಳನ್ನೂ ಸೇರಿಸಿ ಸರಾಸರಿ ತೆಗೆದು, ಒಂದು ತೆಳ್ಳನೆಯ ಗೆರೆ ಎಳೆದು ಕೊಟ್ಟಿತ್ತು.

ವಾಪಸು ಬರುವಾಗ ಜೀಪಿನಲ್ಲಿ ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಾಂಡೇಲಿ ಹತ್ತಿರ ಬಂದು ಕಾಗದದ ಕಾರ್ಖಾನೆಯ ವಾಸನೆ ಮೂಗಿಗೆ ಹೊಡೆದಾಗ ಒಂದೇ ಮಾತು ಆಡಿದರು. "ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಬಸ್ಸಿನ ಟೈಮ್ ಕೇಳೇನಿ. ಬಸ್ ಬರ್ತೈತೇನು ಅಂತ ಒಂದಿನಾ ಕೇಳಲಿಲ್ಲ ನೋಡ್ರಿ."

ಕೂತು ಎಲ್ಲ ಪಟ್ಟಿಗಳನ್ನೂ ತಿದ್ದಿದೆವು. ಬಸ್ಸು ಬಂದ ದಿನಗಳನ್ನಷ್ಟೇ ಹಿಡಿದರೆ ಆ ಗೆರೆ ನಕ್ಷೆಯಲ್ಲಿ ದಪ್ಪನಾದ ಗೆರೆಗಳ ಸಾಲಿಗೆ ಬಂತು. 'ನಮ್ಮ ಲೆಕ್ಕದಲ್ಲಿ ತಪ್ಪಾಗಿದೆ, ಇದು ತಿದ್ದುಪಡಿ, ದಯವಿಟ್ಟು ಆದೇಶ ಹಿಂಪಡೆಯಿರಿ' ಎಂದು ಮೇಡಂ ತಮ್ಮ ಕೈಯಾರೆ ಬರೆದು ಕಳಿಸಿದರು. ಉತ್ತರ ಬಂತು, ಎರಡು ಸಾಲು. ಸದರಿ ವಿಷಯವು ಮುಕ್ತಾಯಗೊಂಡಿರುತ್ತದೆ. ತಪ್ಪು ಲೆಕ್ಕವನ್ನು ಎರಡು ತಿಂಗಳಲ್ಲಿ ನಂಬಿದ ಕಚೇರಿ ಸರಿಯಾದ ಲೆಕ್ಕವನ್ನು ಬಿಚ್ಚಿಯೂ ನೋಡಲಿಲ್ಲ. ಮೇಡಂ ಮತ್ತೆ ಬರೆದರು. ಮತ್ತೆ ಹೋದರು. ಪೂರ್ತಿ ಅಂಕಿಅಂಶ ಕೇಳಿದ ಸಾಹೇಬರಿಗೆ ವರ್ಗವಾಗಿತ್ತು.

ಆ ಆರು ಮಕ್ಕಳಲ್ಲಿ ಇಬ್ಬರು ದಾಂಡೇಲಿಯಲ್ಲಿ ಸಂಬಂಧಿಕರ ಮನೆ ಹಿಡಿದು ಬಂದರು. ಒಬ್ಬಳನ್ನು ಮೇಡಂ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಉಳಿದ ಮೂವರು ಬರಲೇ ಇಲ್ಲ.

ಅವರ ಬೀಳ್ಕೊಡುಗೆಗೆ ಸಭಾಂಗಣ ತುಂಬಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಗಿ, ಎರಡು ಮಾತು ಆಡಿ ಎಂದು ಮೈಕು ಕೊಟ್ಟರು. ಮೇಡಂ ಪರ್ಸಿನಿಂದ ಒಂದು ಕಾಗದ ತೆಗೆದರು. ಧನ್ಯವಾದ ಹೇಳುತ್ತಾರೆ ಅಂದುಕೊಂಡೆವು. ಅವರು ತಿದ್ದುಪಡಿಯ ಪತ್ರ ಓದತೊಡಗಿದರು. ಎಷ್ಟು ದಿನ ಬಸ್ಸು ಬಂದಿತ್ತು, ಎಷ್ಟು ದಿನ ಇಲ್ಲ, ಸೊನ್ನೆ ಎಲ್ಲಿ ತಪ್ಪಾಯಿತು. "ಈ ತಪ್ಪು ನಂದು. ಈ ತಪ್ಪಿನಿಂದ ಮೂರು ಮಕ್ಕಳು ಕಾಲೇಜು ಬಿಟ್ಟಾರ. ಇದನ್ನ ಕೇಳೋರು ಯಾವ ಕಚೇರ್ಯಾಗೂ ಸಿಗಲಿಲ್ಲ. ಅದಕ್ಕ ನಿಮ್ಮ ಮುಂದ ಓದಾಕತ್ತೇನಿ." ನನ್ನ ಹೆಸರು ಎತ್ತಲಿಲ್ಲ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಪ್ರಿನ್ಸಿಪಾಲರು ನಗುನಗುತ್ತ ಎದ್ದು ಇನ್ನೊಂದು ಹಾರ ಹಾಕಿಬಿಟ್ಟರು. ಚಪ್ಪಾಳೆ ಬಿತ್ತು. ನಾನು ಮೂರನೆಯ ಸಾಲಿನಲ್ಲಿ ಕುಳಿತಿದ್ದೆ. ಎದ್ದು, ಆ ಪಟ್ಟಿ ಬರೆದವನು ನಾನು ಎಂದು ಹೇಳಬೇಕಿತ್ತು. ಚಪ್ಪಾಳೆ ತಟ್ಟಿದೆ.

ಅವರು ಮುಂಡಗೋಡಕ್ಕೆ ಹೋದರು. ಆಗಾಗ ಫೋನ್ ಮಾಡುತ್ತಿದ್ದರು. ಈ ವರ್ಷ ಮಳೆಗಾಲ ಮುಗಿದ ಮೇಲೆ ಸ್ಟ್ಯಾಂಡಿನಲ್ಲಿ ಜೊಯಿಡಾ ಕಡೆಯ ಬಸ್ಸು ನಿಂತಿರುವುದನ್ನು ನೋಡಿ ನಾನೇ ಫೋನ್ ಮಾಡಿದೆ.

"ಮೇಡಂ, ಬಸ್ ಮತ್ತ ಬಿಟ್ಟಾರ್ರಿ!"

"ಹೌದ? ದಾಂಡೇಲಿಗೆ ಎಷ್ಟಕ್ಕ ಬರ್ತೈತಿ?"

ನಾನು ಅದನ್ನು ನೋಡಿರಲಿಲ್ಲ. ಅಲ್ಲಿಂದಲೇ ಕಂಟ್ರೋಲರನ್ನು ಕೇಳಿದೆ. "ಹನ್ನೊಂದೂಕಾಲಕ್ಕಂತ್ರಿ."

"ಕಾಲೇಜು?"

"ಒಂಬತ್ತೂವರಿಗೆ."

ಅವರು ತೀರ ಸಹಜವಾಗಿ, ಮುಂದಿನ ಪಾಠ ಹೇಳುವವರ ಹಾಗೆ ಕೇಳಿದರು. "ಮತ್ತ ಎಣಸೂಣೇನ್ರಿ? ಈ ಸಲ ನೆಟ್ಟಗ ಪಟ್ಟಿ ಮಾಡೂಣು."

"ನನ್ನ ಕೈಲೆ ಆಗೂದಿಲ್ರಿ ಮೇಡಂ," ಎಂದೆ. ಮಗನ ಪರೀಕ್ಷೆ ಎಂದೆ, ಕಾಲೇಜಿನ ಕೆಲಸ ಎಂದೆ. ನಿಜ ಬೇರೆ ಇತ್ತು. ಮತ್ತೆ ಅದೇ ಮೆಟ್ಟಿಲು ಹತ್ತಿ, ಅದೇ ಮಾತನ್ನು ಮೊದಲಿನಿಂದ ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ನನಗೆ ಆ ಕಚೇರಿಗಳ ಮೇಲೆ ಸಿಟ್ಟಿತ್ತು. ಆ ಕ್ಷಣದಲ್ಲಿ, ಸೋಲೊಪ್ಪದ ಅವರ ಮೇಲೂ ಸಿಟ್ಟು ಬಂದಿತ್ತು.

"ಆತು," ಎಂದರು. "ಮಗನ್ನ ಚಲೋತ್ನಾಗಿ ಓದಸ್ರಿ." ಫೋನ್ ಇಟ್ಟರು. ಆಮೇಲೆ ಅವರು ಮಾಡಿಲ್ಲ, ನಾನೂ ಮಾಡಿಲ್ಲ.

ಕಳೆದ ತಿಂಗಳು ದಾಂಡೇಲಿಯ ಕಂಟ್ರೋಲರ್ ನನ್ನನ್ನು ಕರೆದು, "ಸರ, ನಿಮ್ಮ ಮೇಡಮ್ಮಾರು ಜೊಯಿಡಾ ಕಡೆ ಬರಾಕತ್ತಾರಲ್ರಿ, ನಿಮಗ ಗೊತ್ತಿಲ್ಲೇನು?" ಎಂದ. ಆ ಬಸ್ಸಿನ ಡ್ರೈವರ್ ಊರವರಿಂದ ಕೇಳಿ ಅವನಿಗೆ ಹೇಳಿದನಂತೆ. ಮೇಡಂ ಭಾನುವಾರವೇ ಹೊರಟು, ಮೂರು ಕಡೆ ಬಸ್ಸು ಬದಲಿಸಿ ಬಂದು, ಆ ಸಿದ್ದಿ ಕೇರಿಯಲ್ಲಿ ಹುಡುಗಿಯ ತಾಯಿಯ ಮನೆಯಲ್ಲಿ ಉಳಿಯುತ್ತಾರಂತೆ. ಸೋಮವಾರ ಬೆಳಕು ಹರಿಯುತ್ತಲೇ ರಸ್ತೆಯ ಬದಿಯ ಕಲ್ಲಿನ ಮೇಲೆ ಕಾರ್ಡು ಹಿಡಿದು ಕೂರುತ್ತಾರಂತೆ.

"ಬಸ್ಸಿಗೆ ಎಷ್ಟು ಮಂದಿ ಹತ್ತತಾರ ಅಂತ ಎಣಸ್ತಾರೇನು?" ಎಂದು ಕೇಳಿದೆ.

"ಬಸ್ ಬರೂದು ತಡಾ ಆಗಿ ಅಲ್ರಿ ಸರ, ಅದಕ್ಕಿಂತ ಮೊದಲ ಮೇಡಮ್ಮಾರು ಎದ್ದು ಹೋಗಿರ್ತಾರಂತ. ಹೊತ್ತಿಗೆ ಬಸ್ ಸಿಗದ ನಡಕೋತ ಹೋಗೋರು ಎಷ್ಟು ಮಂದಿ, ಅದನ್ನ ಬರಕೊಳ್ತಾರಂತ. ಒಬ್ಬೊಬ್ಬರ ಹೆಸರು ಕೇಳಿ."

ಮುಂದಿನ ಭಾನುವಾರ ಹೋಗಬೇಕು ಎಂದುಕೊಂಡೆ. ಹಾಗೆ ಅಂದುಕೊಂಡು ನಾಲ್ಕು ಭಾನುವಾರ ಕಳೆದಿವೆ.